ಗ್ರಂಥಪಾಲ ಚನ್ನವೀರಪ್ಪನ ಕ್ಯಾಮೆರಾ ದಿಗ್ವಿಜಯ

ಕೇಳಿರಿ, ಸಭಾಸದರೇ! ಕೈಫೋನೆಂಬುದು ಇನ್ನೂ ಕಣ್ಣು ತೆರೆಯದೆ ಬರಿಯ ಕಿವಿ ಬಾಯಿಗಳಿಂದಲೇ ಬದುಕು ಸಾಗಿಸುತ್ತಿದ್ದ ಕಾಲದಲ್ಲಿ. ರೀಲಿನ ಕ್ಯಾಮೆರಾಗಳು ಅಟ್ಟ ಸೇರಿ, ಡಿಜಿಟಲ್ ಎಂಬ ಶಬ್ದವನ್ನು ತಪ್ಪಿಲ್ಲದೆ ಉಚ್ಚರಿಸಿದವನಿಗೆ ಮದುವೆಮನೆಯಲ್ಲಿ ಮೊದಲ ಪಂಕ್ತಿಯಲ್ಲೇ ಎಲೆ ಹಾಕುತ್ತಿದ್ದ ಕಾಲದಲ್ಲಿ. ಮೆಗಾಪಿಕ್ಸೆಲ್ ಎಂದರೇನೆಂದು ಯಾರಿಗೂ ತಿಳಿಯದಿದ್ದರೂ ಅದು ಹೆಚ್ಚಿದಷ್ಟೂ ಮನುಷ್ಯನ ಮರ್ಯಾದೆ ಹೆಚ್ಚುವುದೆಂದು ಎಲ್ಲರಿಗೂ ತಿಳಿದಿದ್ದ ಆ ಮಹಾಯುಗದಲ್ಲಿ, ಧೂಳಿಧೂಸರಿತವಾದ ಹುಬ್ಬಳ್ಳಿ ನಗರದೊಳಗೆ ಯಲಿಗಾರ ಚನ್ನವೀರಪ್ಪನೆಂಬ ಮಹಾರಥನೊಬ್ಬನು ವಾಸವಾಗಿದ್ದನು.

ಹೇ ಬ್ಯಾಟರಿನಿಲಯವಾಸಿನಿಯಾದ ವಿದ್ಯುದ್ದೇವಿಯೇ, ಈ ಕಥೆ ಮುಗಿಯುವವರೆಗೆ ನನ್ನ ನಾಲಿಗೆಯ ಚಾರ್ಜು ಇಳಿಯದಂತೆ ಕಾಪಾಡು. ಹಿಂದಿನ ಕವಿಗಳ ಪಾಲಿಗೆ ಆನೆ, ಕುದುರೆ, ರಥ, ಕೊನೆಗೆ ಒಂದಿಷ್ಟು ಧೂಳಾದರೂ ಬಂದಿತ್ತು. ನನ್ನ ಪಾಲಿಗೆ ಬಂದದ್ದು ಅಂಗೈಯಗಲದ ಒಂದು ಡಬ್ಬಿ, ಮತ್ತು ಅದನ್ನು ಆರಿಸಲು ಹೊರಟ ಒಬ್ಬ ಗ್ರಂಥಪಾಲ. ಇರಲಿ. ಸಿಕ್ಕಿದ್ದರಲ್ಲೇ ಸಂಭಾಳಿಸಬೇಕು.

ಚನ್ನವೀರಪ್ಪನು ಕಾಲೇಜೊಂದರ ಗ್ರಂಥಭಂಡಾರದ ಒಡೆಯ. ನಿಯತಕಾಲಿಕಪತ್ರಿಕಾಪುಟಪರಿವರ್ತನಪರಿಣತಾಂಗುಲಿ, ಗುಣದೋಷತುಲನಾಚಕ್ರವರ್ತಿ, ನಿರ್ಧಾರವಿಲಂಬನಧುರಂಧರ ಎಂಬ ಬಿರುದುಗಳನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ, ನಾನೇ ಕೊಡುತ್ತಿದ್ದೇನೆ, ಮತ್ತು ಒಂದೂ ಹೆಚ್ಚಿನದಲ್ಲ. ಕಾಲೇಜಿಗೆ ಬರುವ ಪತ್ರಿಕೆಗಳೆಲ್ಲ ಮೊದಲು ಅವನ ಕಣ್ಣಿಗೆ ಬಿದ್ದು, ಅವನಿಗೆ ಬೇಸರ ಬಂದ ಮೇಲೆ ವಿದ್ಯಾರ್ಥಿಗಳ ಮೇಜಿಗೆ ಇಳಿಯುತ್ತಿದ್ದವು. ಸೀಲಿಂಗ್ ಫ್ಯಾನ್ ಯಾವುದು ಕೊಳ್ಳಬೇಕೆಂದು ಚಿಂತಿಸಿ ಒಂದು ಇಡೀ ಬೇಸಿಗೆಯನ್ನು ಬೆವರುತ್ತ ಕಳೆದವನು ಅವನು. ಸ್ವೆಟರಿನ ಉಣ್ಣೆಯ ಗುಣಾವಗುಣಗಳನ್ನು ಅಭ್ಯಾಸ ಮಾಡುತ್ತ ಒಂದು ಚಳಿಗಾಲವನ್ನು ನಡುಗುತ್ತ ದಾಟಿದವನು. ಇಂಥವನಿಗೆ ಕ್ಯಾಮೆರಾ ಆರಿಸುವ ಕೆಲಸ ಸಿಕ್ಕಿದ್ದು ಅವನ ಭಾಗ್ಯವೋ, ಹೆಂಡತಿಯ ದೌರ್ಭಾಗ್ಯವೋ, ಮುಂದೆ ನೀವೇ ತೀರ್ಮಾನಿಸಿರಿ.

ಈ ವೀರನ ಧರ್ಮಪತ್ನಿ ಮಹಾನಂದಾ. ಆಕೆಗೆ ಇದ್ದದ್ದು ಒಂದೇ ಆಸೆ: ತಾನೂ ಗಂಡನೂ ಜೊತೆಯಾಗಿರುವ, ಇಬ್ಬರ ಮುಖವೂ ಕಾಣುವ ಒಂದು ಫೋಟೋ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತ ಬಂದ ದಂಪತಿಗಳ ಮನೆಯಲ್ಲಿ ಅಂಥದ್ದೊಂದೂ ಇಲ್ಲವೇ ಎಂದು ನೀವು ಹುಬ್ಬೇರಿಸಬಹುದು. ಇರಲಿಲ್ಲ. ಅದಕ್ಕೂ ನಮ್ಮ ನಾಯಕನ ಪರಾಕ್ರಮವೇ ಕಾರಣ. ಮದುವೆಯ ಫೋಟೋಗ್ರಾಫರನನ್ನು ಆರಿಸುವ ಹೊಣೆಯನ್ನು ವರಮಹಾಶಯನು ಸ್ವತಃ ಹೊತ್ತು, ಸುತ್ತಲಿನ ಸ್ಟುಡಿಯೋಗಳನ್ನೆಲ್ಲ ಜಾಲಾಡಿ, ಪ್ರಶ್ನೆಗಳ ಬಾಣ ಬಿಟ್ಟು, ಕಟ್ಟಕಡೆಗೆ ಸರ್ವಲಕ್ಷಣಸಂಪನ್ನನಾದ ಒಬ್ಬನನ್ನು ಗೊತ್ತುಮಾಡಿದ್ದನು. ಆ ಸರ್ವಲಕ್ಷಣಸಂಪನ್ನನು ಮದುವೆಯ ದಿನ ಬೆಳಗಿನಿಂದ ಸಂಜೆಯವರೆಗೆ ಫ್ಲಾಶ್ ಮಿಂಚಿಸಿದ. ಹಾರ ಹಾಕಿದವರನ್ನು ‘ಇನ್ನೊಮ್ಮೆ’ ಎಂದು ಮತ್ತೆ ಮತ್ತೆ ಹಾಕಹಚ್ಚಿದ. ಹೋಳಿಗೆಯನ್ನೂ ಚೆನ್ನಾಗಿ ಬಾರಿಸಿದ. ಕ್ಯಾಮೆರಾದೊಳಗೆ ರೀಲು ಮಾತ್ರ ಗಾಲಿಯ ಹಲ್ಲಿಗೆ ಸಿಕ್ಕಿಕೊಂಡಿರಲೇ ಇಲ್ಲ. ಅದು ದಿನವಿಡೀ ಒಂದಿಂಚೂ ಸರಿಯದೆ ಸುತ್ತಿಕೊಂಡು ಮಲಗಿತ್ತು, ಒಂದು ಫೋಟೋವೂ ಮೂಡಲಿಲ್ಲ.

ಆಮೇಲೆ ಪ್ರವಾಸಗಳಾದವು, ಅವರಿವರಿಂದ ಕಡ ತಂದ ಕ್ಯಾಮೆರಾಗಳಾದವು. ವಿಜಾಪುರದ ಗೋಲಗುಮ್ಮಟದ ಫೋಟೋ ಇದೆ. ಅದರ ಬುಡದಲ್ಲಿ ಎಳ್ಳುಕಾಳಿನಷ್ಟು ಒಂದು ಚುಕ್ಕೆಯಿದೆ. ಆ ಚುಕ್ಕೆಯೇ ಮಹಾನಂದಾ. ಗುಮ್ಮಟ ಎಷ್ಟು ಎತ್ತರವೆಂದು ನೋಡುವವರಿಗೆ ಅಂದಾಜಾಗಲಿ ಎಂದು ಆಕೆಯನ್ನು ಅಲ್ಲಿ ನಿಲ್ಲಿಸಲಾಗಿತ್ತು. ಕ್ಯಾಮೆರಾ ಹಿಡಿದವನು ತಾನೇ ಆದ್ದರಿಂದ ನಾಯಕನು ಯಾವ ಚಿತ್ರದಲ್ಲೂ ಇಲ್ಲ. ಬಾದಾಮಿಯ ಒಂದು ಫೋಟೋದಲ್ಲಿ ಆಕೆಯ ಕಾಲ ಬಳಿ ಅವನ ನೆರಳು ಬಿದ್ದಿದೆ, ಅಷ್ಟೇ. ಮಹಾನಂದಾ ಆ ನೆರಳಿನ ಫೋಟೋವನ್ನೇ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಜೋಪಾನ ಮಾಡಿದ್ದಳು.

ಬೆಳ್ಳಿಹಬ್ಬದ ಆ ವರ್ಷ, ದಸರೆ ಮುಗಿದ ಕೂಡಲೇ ಕನ್ಯಾಕುಮಾರಿಗೆ ಹೋಗುವುದೆಂದು ನಿಶ್ಚಯವಾಯಿತು. ರೈಲಿನ ಟಿಕೆಟ್ಟುಗಳು ಬಂದವು. ಆಗ ಮಹಾನಂದಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆಂದಳು:

“ನೋಡ್ರಿ, ನನಗ ಬ್ಯಾರೆ ಏನೂ ಬ್ಯಾಡ. ಸೀರಿ ಬ್ಯಾಡ, ಬಂಗಾರ ಬ್ಯಾಡ. ಸಮುದ್ರದ ಮುಂದ ನಾವಿಬ್ರೂ ನಿಂತದ್ದು ಒಂದು ಫೋಟೋ ಬೇಕು. ಮಾರಿ ಕಾಣಬೇಕು. ನಿಮ್ಮದೂ, ನಂದೂ. ಆ ಕಡದ ಕ್ಯಾಮೆರಾ ಸಾಕು, ಸಣ್ಣದೊಂದು ನಮ್ಮದs ತರ್ರಿ.”

ಈ ಮಾತು ಕಿವಿಗೆ ಬಿದ್ದೊಡನೆ ಚನ್ನವೀರಪ್ಪನು ಆಸನದಿಂದೆದ್ದು, ಭುಜವನ್ನು ತಟ್ಟಿ, ಪ್ರತಿಜ್ಞೆಗೈದನು: “ಎಲೈ ಕಲ್ಯಾಣಿಯೇ, ಲಾಲಿಸು! ತ್ರಿಸಾಗರಸಂಗಮತೀರದಲ್ಲಿ ನಿನ್ನ ಮುಖಾರವಿಂದವನ್ನೂ ನನ್ನ ವದನಗಾಂಭೀರ್ಯವನ್ನೂ ಏಕಪಟದಲ್ಲಿ ಸೆರೆಹಿಡಿಯಬಲ್ಲ ಸಕಲದೋಷವರ್ಜಿತವಾದ ಯಂತ್ರವನ್ನು ಅರಸಿ ತರುವವರೆಗೆ ನಾನು ವಿಶ್ರಮಿಸೆನು!” ಇದು ಕಾವ್ಯದ ಭಾಷೆ. ಅಡುಗೆಮನೆಯ ಬಾಗಿಲಲ್ಲಿ ನಿಜವಾಗಿ ಕೇಳಿಸಿದ್ದು ಇಷ್ಟೇ: “ಆತು ಬಿಡು. ನೋಡೂಣು.”

ಅಂದಿನಿಂದ ಆರಂಭವಾಯಿತು ಶೋಧಪರ್ವ. ಗ್ರಂಥಭಂಡಾರದ ಪತ್ರಿಕೆಗಳು ಒಂದೊಂದಾಗಿ ಮನೆಗೆ ವಲಸೆ ಬಂದವು. ಊಟದ ತಟ್ಟೆಯ ಬಲಕ್ಕೆ ಒಂದು, ಎಡಕ್ಕೆ ಒಂದು. ರೊಟ್ಟಿಯ ತುತ್ತು ಯಾವುದರ ಮೇಲೆ ಹೋಗುತ್ತಿದೆಯೆಂಬ ಪರಿವೆಯೂ ನಾಯಕನಿಗಿರಲಿಲ್ಲ. ಒಂದು ಪತ್ರಿಕೆ ಹೊಗಳಿದ ಕ್ಯಾಮೆರಾವನ್ನು ಇನ್ನೊಂದು ಪತ್ರಿಕೆ ತೆಗಳುತ್ತಿತ್ತು. ಎರಡೂ ಹೊಗಳಿದ್ದನ್ನು ಮೂರನೆಯದು ಮರೆತೇಬಿಟ್ಟಿರುತ್ತಿತ್ತು, ಆಗ ಅದರಲ್ಲೇನೋ ಮೋಸವಿದೆಯೆಂದು ಅವನಿಗೆ ಸಂಶಯ. ಇಷ್ಟೆಲ್ಲ ಅಳೆದು ಸುರಿದು ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವಷ್ಟರಲ್ಲಿ ಆ ಮಾದರಿ ಅಂಗಡಿಗಳಿಂದ ಸ್ವರ್ಗಸ್ಥವಾಗಿ, ಅದರ ತಮ್ಮ ಹುಟ್ಟಿರುತ್ತಿದ್ದ. ತಮ್ಮನಿಗೆ ಅಣ್ಣನಿಗಿಂತ ಎರಡು ಮೆಗಾಪಿಕ್ಸೆಲ್ ಜಾಸ್ತಿ. ಮತ್ತೆ ಮೊದಲಿನಿಂದ ಪಾರಾಯಣ.

ಇಂಥ ಸಮಯದಲ್ಲಿ ರಂಗಕ್ಕೆ ಬಂದನು ಪ್ರತಿನಾಯಕ. ಪಂಚಾಕ್ಷರಿ, ಮಹಾನಂದಾಳ ತಮ್ಮ. ದ್ವಿಚಕ್ರವಾಹನಬಿಡಿಭಾಗವಿಕ್ರಯವಿಕ್ರಮ, ಎಂದರೆ ಸ್ಕೂಟರಿನ ಸ್ಪೇರ್ ಪಾರ್ಟ್ಸ್ ಅಂಗಡಿಯವನು. ಓದಿ ತಿಳಿಯುವುದರಲ್ಲಿ ಅವನಿಗೆ ನಂಬಿಕೆಯಿಲ್ಲ. ಕೈಯಲ್ಲಿ ಹಿಡಿದು, ತಿರುವಿ, ಎಳೆದು ನೋಡಿದಾಗ ಏನಾದರೂ ಉದ್ದವಾದರೆ ಅದು ಒಳ್ಳೆಯ ಸಾಮಾನು ಎಂಬುದು ಅವನ ದರ್ಶನ. ಆದ್ದರಿಂದ ಕ್ಯಾಮೆರಾದಲ್ಲಿ ಅವನು ಆರಾಧಿಸುತ್ತಿದ್ದುದು ಝೂಮ್ ಒಂದನ್ನೇ.

ರವಿವಾರದ ಸಂಜೆ, ಗಿರಮಿಟ್ಟು ಮಿರ್ಚಿಭಜಿಗಳ ಎರಡು ರಾಶಿಗಳು ನಡುಮನೆಯ ಚಾಪೆಯ ಮೇಲೆ ಪರ್ವತೋಪಮವಾಗಿ ನಿಂತಿರಲು, ಭಾವ ಮೈದುನರು ಎದುರುಬದುರಾದರು. ಚನ್ನವೀರಪ್ಪನು ಸಿಂಹನಾದಗೈದನು: “ಎಲವೋ ಶ್ಯಾಲಕಾಧಮನೇ, ದ್ವಾದಶಲಕ್ಷಚಿತ್ರಕಣಗಳ ಮಹಿಮೆಯನ್ನು ನೀನೇನು ಬಲ್ಲೆ? ಭಿತ್ತಿಯಷ್ಟು ಹಿಗ್ಗಿಸಿದರೂ ಬಿರುಕುಬಿಡದ ಬಿಂಬವೇ ಬಿಂಬ!” ಹನ್ನೆರಡು ಮೆಗಾಪಿಕ್ಸೆಲ್ಲನ್ನು, ಎಂದರೆ ನೂರಿಪ್ಪತ್ತು ಲಕ್ಷ ಕಣಗಳನ್ನು, ಹನ್ನೆರಡು ಲಕ್ಷಕ್ಕೆ ಇಳಿಸಿದ್ದು ಲೆಕ್ಕದ ತಪ್ಪು. ಅಲ್ಲಿದ್ದವರಿಗಾರಿಗೂ ಅದು ಹೊಳೆಯಲಿಲ್ಲ, ಲೆಕ್ಕಕ್ಕೂ ಆ ಯುದ್ಧಕ್ಕೂ ಸಂಬಂಧವಿರಲಿಲ್ಲ. ಪಂಚಾಕ್ಷರಿಯು ಅಟ್ಟಹಾಸದಿಂದ ಮರುನುಡಿದನು: “ಎಲೈ ಪುಸ್ತಕಕೀಟನೇ, ದೂರದ್ದನ್ನು ಹತ್ತಿರಕ್ಕೆಳೆಯದ ಕಣ್ಣು ಕಣ್ಣೇ? ದ್ವಾದಶಗುಣವರ್ಧನಮಸೂರದ ಮುಂದೆ ನಿನ್ನ ಕಣಗಳು ತೃಣಸಮಾನ!”

ಚಾಪೆಯ ಮೇಲೆ ಆದ ಮಾತು ಹೀಗಿತ್ತು:

“ಮಾಮಾ, ಹನ್ನೆರಡ ಪಟ್ಟು ಝೂಮ್ ಅಂದ್ರ ಏನಂತ ತಿಳದೀರಿ? ಇಲ್ಲೆ ಕಟ್ಟಿ ಮ್ಯಾಲ ಕುಂತು ನೃಪತುಂಗ ಬೆಟ್ಟದ ಮ್ಯಾಲಿನ ಮಂದಿ ಮೂಗು ಎಣಸಬಹುದು.”

“ಮಂದಿ ಮೂಗು ಎಣಿಸಿ ಏನ ಮಾಡಾಂವ ನೀ? ಗ್ವಾಡಿ ತುಂಬ ಪ್ರಿಂಟ್ ಹಾಕಿದ್ರೂ ಒಡೀಬಾರದು, ಅದಕ್ಕ ಫೋಟೋ ಅಂತಾರ.”

“ಗ್ವಾಡಿ ತುಂಬ ನನ್ನ ಮಾರಿ ಹಚ್ಚಿ ಯಾರನ್ನ ಅಂಜಸಾವ್ರಿದ್ದೀರಿ?” ಎಂದಳು ಮಹಾನಂದಾ, ಚಹಾದ ಕಪ್ಪುಗಳನ್ನು ಇಡುತ್ತ. ಆಮೇಲೆ ತುಸು ಅಳುಕಿನಿಂದ ಕೇಳಿದಳು: “ಅದು ತಾನs ಫೋಟೋ ತಗಿಯೂದು ಒಂದು ಇರತೈತಂತಲ್ರಿ. ಗುಂಡಿ ಒತ್ತಿ, ನೀವೂ ಓಡಿ ಬಂದು ನನ್ನ ಬಾಜೂಕ ನಿಂದ್ರಬಹುದಂತ. ಅಂಥಾದ್ದು ನೋಡ್ರಿ.”

ಮಹಾರಥರಿಬ್ಬರೂ ಆಕೆಯನ್ನು ಕನಿಕರದಿಂದ ನೋಡಿದರು. “ಅದು ಎಲ್ಲಾದ್ರಾಗೂ ಇರತೈತಿ ಬಿಡs,” ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು. ಆ ಸಂಜೆ ಅವರು ಒಮ್ಮತಕ್ಕೆ ಬಂದ ಮಾತು ಇದೊಂದೇ. ಎಲ್ಲದರಲ್ಲೂ ಇರುವುದನ್ನು ಕುರಿತು ಯುದ್ಧ ಮಾಡಲು ಬರುವುದಿಲ್ಲವಲ್ಲ.

ಹೀಗೆ ರವಿವಾರಗಳು ಉರುಳಿದವು, ಭಜಿಗಳು ಕರಗಿದವು, ಕ್ಯಾಮೆರಾ ಬರಲಿಲ್ಲ. ದಸರೆ ಬಂತು. ನಮ್ಮ ಕಡೆ ಆಯುಧಪೂಜೆಗೆ ಖಂಡೇಪೂಜೆ ಎನ್ನುತ್ತಾರೆ. ಅದರ ಹಿಂದಿನ ದಿನ ಮಹಾನಂದಾ ಪತ್ರಿಕೆಗಳನ್ನೆಲ್ಲ ಒಟ್ಟುಮಾಡಿ, ಕಟ್ಟಿ, ಚಪ್ಪಲಿಯ ಗೂಡಿನ ಮೇಲಿಟ್ಟು, ಗಂಡನ ಎದುರು ಬಂದು ನಿಂತಳು.

“ಇವತ್ತ ಹೋಗಿ ತಂದ್ರ ತಂದ್ರಿ. ಇಲ್ಲಾಂದ್ರ ಕನ್ಯಾಕುಮಾರಿಗೆ ನಾ ಒಬ್ಬಾಕೀನ ಹೋಗಿ, ಅಲ್ಲಿ ಯಾರರೆ ಗುರುತಿಲ್ಲದ ಗಂಡಸಿನ ಬಾಜೂಕ ನಿಂತು ಫೋಟೋ ತಗಸ್ಕೊಂಡು ಬರ್ತೀನಿ.”

ಯಾವ ಪತ್ರಿಕೆಯಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಸೈನ್ಯ ಹೊರಟಿತು. ಮುಂದೆ ಚನ್ನವೀರಪ್ಪ, ಹಿಂದೆ ಮಹಾನಂದಾ, ಕರೆಯದಿದ್ದರೂ ಪಂಚಾಕ್ಷರಿ. ರಣಾಂಗಣವೆಂದರೆ ಕುಕ್ಕರು, ಮಿಕ್ಸರು, ಇಸ್ತ್ರಿಪೆಟ್ಟಿಗೆಗಳ ನಡುವೆ ಒಂದು ಗಾಜಿನ ಪೆಟ್ಟಿಗೆಯಲ್ಲಿ ಕ್ಯಾಮೆರಾಗಳನ್ನೂ ಇಟ್ಟಿದ್ದ ಒಂದು ದೊಡ್ಡ ಅಂಗಡಿ. ದಸರೆಯ ರಿಯಾಯಿತಿಗೆ ಊರಿಗೆ ಊರೇ ಅಲ್ಲಿ ಸೇರಿತ್ತು. ಕೌಂಟರಿನ ಹಿಂದೆ ಬೆಳಗಿನಿಂದ ನಿಂತು ಕಾಲು ಹಿಡಿದುಹೋಗಿದ್ದ ಹೆಂಗಸೊಬ್ಬಳು ಇವರಿಬ್ಬರ ವಾದವನ್ನು, ಮಳೆ ನಿಲ್ಲಲಿ ಎಂದು ಕಾಯುವವರ ಹಾಗೆ, ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಹೇಳಿದಳು:

“ಸರ್, ನೀವು ಕೇಳಿದ ಹನ್ನೆರಡು ಮೆಗಾಪಿಕ್ಸೆಲ್ಲಿಂದು ಒಂದs ಪೀಸ್ ಉಳದೈತ್ರಿ. ಗುಲಾಬಿ ಬಣ್ಣದ್ದು.”

ಋತುಗಳನ್ನೇ ಕಬಳಿಸಿದ ಆ ಮಹಾಶೋಧದಲ್ಲಿ, ಪ್ರಿಯ ಸಭಾಸದರೇ, ಬಣ್ಣದ ವಿಚಾರ ಯಾರಿಗೂ ಹೊಳೆದಿರಲಿಲ್ಲ. ಪಾಟಲವರ್ಣದ, ನುಣುಪುಮೈಯ, ಸಾಬೂನಿನ ಡಬ್ಬಿಯಂಥ ಆ ಸುಂದರಿಯನ್ನು ಕಂಡು ನಾಯಕನ ಮೀಸೆ ಇಳಿಯಿತು. ಪಂಚಾಕ್ಷರಿ ಗೋಡೆಯ ಕಡೆ ತಿರುಗಿ ಭುಜ ಕುಣಿಸತೊಡಗಿದ. ಮಹಾನಂದಾ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾರದೆ ಹೋದಳು. ಮಾನ ಉಳಿಸಿಕೊಳ್ಳಲೆಂದು ನಾಯಕನು ತೋರುಬೆರಳನ್ನೆತ್ತಿ ಹೆಂಡತಿಯ ಕಡೆ ಬಾಗಿ, “ನೋಡು, ಬಣ್ಣ ಮುಖ್ಯ ಅಲ್ಲ. ಒಳಗಿನ ಸೆನ್ಸರ್ ಏನೈತೆಲಾ...” ಎಂದು ಆರಂಭಿಸಿದ ಆ ಕ್ಷಣಕ್ಕೆ ಸರಿಯಾಗಿ, ಯಂತ್ರಕ್ಕೆ ಮೆಮರಿ ಕಾರ್ಡು ಸಿಕ್ಕಿಸಿ ಚಾಲೂ ಮಾಡಿದ್ದ ಆ ಹೆಂಗಸು ಅದನ್ನು ಇವರ ಕಡೆ ತಿರುಗಿಸಿ ಗುಂಡಿ ಒತ್ತಿಬಿಟ್ಟಳು.

“ಚಲೋ ಬರಾಕತ್ತೈತಿ ನೋಡ್ರಿ ಸರ್.”

ಚನ್ನವೀರಪ್ಪನು ರುದ್ರನಾದನು. “ಏ, ಏ! ಅಳಿಸ್ರಿ ಅದನ್ನ! ಇನ್ನೂ ಪೂಜಿ ಆಗಿಲ್ಲ ಏನಿಲ್ಲ. ಮೊದಲನೇ ಫೋಟೋ ಸಮುದ್ರದ್ದs ಆಗಬೇಕು. ಕುಕ್ಕರ್ ಮುಂದ ನಿಂದಿರಿಸಿ ತಗದ್ರ ಹೆಂಗ್ರಿ?”

“ಆತ್ರೀ ಸರ್,” ಎಂದಳು ಆಕೆ, ಮುಂದಿನ ಗಿರಾಕಿಗೆ ಮಿಕ್ಸರಿನ ಮುಚ್ಚಳ ತೆಗೆದು ತೋರಿಸುತ್ತ.

ಮರುದಿನ ಖಂಡೇಪೂಜೆ. ಯಲಿಗಾರರ ನಡುಮನೆಯಲ್ಲಿ ಕುಡುಗೋಲು, ಈಳಿಗೆಮಣೆ, ಹೊಲಿಗೆಯಂತ್ರ, ಸ್ಕೂಟರಿನ ನಟ್ಟು ಬಿಚ್ಚುವ ಪಾನಾ, ನಾಯಕನ ಪೆನ್ನು ಇವೆಲ್ಲ ಸಾಲಾಗಿ ಕುಳಿತವು. ನಟ್ಟನಡುವೆ, ಕಂಬಳಿಯ ಗದ್ದುಗೆಯ ಮೇಲೆ, ಪಾಟಲಾಂಗಿಯಾದ ಕ್ಯಾಮೆರಾ. ಇಲ್ಲಿ ನಮ್ಮ ನಾಯಕನಿಗೆ ಒಂದು ಶಾಸ್ತ್ರೀಯ ಸಂದೇಹ ಬಂತು. ಬಂದ್ ಮಾಡಿಟ್ಟ ಕ್ಯಾಮೆರಾದ ಮಸೂರ ಒಳಗೆ ಅಡಗಿರುತ್ತದೆ. ಮುಖವೇ ಮುಚ್ಚಿಕೊಂಡವರಿಗೆ ಕುಂಕುಮ ಹಚ್ಚುವುದು ಎಲ್ಲಿಗೆ? ಆಯುಧವು ಎಚ್ಚರವಾಗಿರುವಾಗಲೇ ಅರ್ಚಿಸಬೇಕೆಂದು ನಿರ್ಣಯಿಸಿ ಗುಂಡಿ ಒತ್ತಿದನು. ಝುಂಯ್ ಎಂದು ಮಸೂರದ ಕೊಳವೆ ಹೊರಬಂದು ಪಿಳಿಪಿಳಿ ನೋಡಿತು. ಪೂಜೆಗೆ ಬಂದಿದ್ದ ಓಣಿಯ ಹೆಂಗಸರು ಕೈಮುಗಿದರು.

ಈಗ ನೋಡಿರಿ ಪಾಂಡಿತ್ಯದ ಮಹಿಮೆಯನ್ನು. ಸಾಮಾನ್ಯ ಮನುಷ್ಯನಾಗಿದ್ದರೆ ಗಾಜಿನ ಮೇಲೆಯೇ ಕುಂಕುಮ ಬಳಿಯುತ್ತಿದ್ದ, ಆಮೇಲೆ ಅರಿವೆಯಿಂದ ಒರೆಸುತ್ತಿದ್ದ, ಕಥೆ ಮುಗಿಯುತ್ತಿತ್ತು. ಚನ್ನವೀರಪ್ಪನು ಓದಿದವನು. ಗಾಜನ್ನು ಎಂದೂ ಮುಟ್ಟಬಾರದೆಂದು ಎಲ್ಲ ಪತ್ರಿಕೆಗಳೂ ಬರೆದಿದ್ದವು. ಆದ್ದರಿಂದ ಅವನು ಗಾಜನ್ನು ಬಿಟ್ಟು, ಕೊಳವೆಯ ಸುತ್ತ, ಅದು ಒಳಗೆ ಹೊರಗೆ ಆಡುವ ಸಂದಿಗುಂಟ, ಉಂಗುರದ ಹಾಗೆ ಬಲು ನಾಜೂಕಾಗಿ ಕುಂಕುಮ ತುಂಬಿದನು. ಮೈಮೇಲೆ ವಿಭೂತಿಯ ಮೂರು ಪಟ್ಟೆ ಎಳೆದನು. ಮೇಲಿಂದ ಧಾರಾಳವಾಗಿ ಅಕ್ಷತೆ ಚೆಲ್ಲಿದನು. ಆರತಿಯಾಯಿತು. ಆರತಿ ಮುಗಿಯುತ್ತಿದ್ದಂತೆ, ಯಾರೂ ಮುಟ್ಟದೆ, ಕ್ಯಾಮೆರಾ ತಾನೇ ಒಮ್ಮೆ ಕಿರ್ರೆಂದು ತಲೆಯನ್ನು ಒಳಗೆಳೆದುಕೊಂಡು ಕಣ್ಣು ಮುಚ್ಚಿತು. ಸುಮ್ಮನೆ ಬಿಟ್ಟರೆ ಬ್ಯಾಟರಿ ಉಳಿಸಲು ಅಂಥ ಯಂತ್ರಗಳು ಹಾಗೆ ಮಾಡುತ್ತವೆ.

“ಪೂಜಿ ಮುಟ್ಟಿತು!” ಎಂದು ನಾಯಕನು ಉದ್ಗರಿಸಿದನು.

“ರೀ, ಆ ಕುಂಕುಮ ಅದರ ಕೂಡ ಒಳಗ ಹೋತಲ್ರಿ,” ಎಂದಳು ಮಹಾನಂದಾ. “ಒಂದೀಟು ತಗದು ಝಾಡಿಸ್ರಿ.”

“ಪೂಜಿಗಿಟ್ಟ ಆಯುಧ ನಾಳೆ ಬನ್ನಿ ಮುಡಿಯೂತನಾ ಮುಟ್ಟಬಾರದು. ಅಷ್ಟೂ ತಿಳೀದಿಲ್ಲೇನು?”

ತಿಳಿದಿತ್ತು. ಆಕೆಯೂ ಆ ದಿನ ಈಳಿಗೆ ಮುಟ್ಟಿರಲಿಲ್ಲ, ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟಿದ್ದಳು.

ವಿಜಯದಶಮಿಯ ದಿನ ಭಾವ ಮೈದುನರು ಬನ್ನಿಯ ಎಲೆ ಕೊಟ್ಟು ಆಲಿಂಗಿಸಿ ಮೆಗಾಪಿಕ್ಸೆಲ್ಲನ್ನೂ ಝೂಮನ್ನೂ ಮರೆತರು. ಸ್ಟೇಷನ್ನಿಗೆ ಬಿಡಲು ಬಂದ ಪಂಚಾಕ್ಷರಿ ಕಿಟಕಿಯಲ್ಲಿ ಇಣುಕಿ, “ಮಾಮಾ, ಒಮ್ಮೆ ಚಾಲೂ ಮಾಡಿ ನೋಡ್ಕೊಂಡೀರಿಲ್ಲೋ?” ಎಂದು ಕೇಳಿದ. “ಮೊದಲನೇದು ಸಮುದ್ರದ್ದs” ಎಂದನು ಸ್ಥಿರಪ್ರತಿಜ್ಞನು. ಹೊರಮೈಯನ್ನು ಒರೆಸಿದ ಕ್ಯಾಮೆರಾ ಚೀಲದಲ್ಲಿ, ಚೀಲ ಪ್ಲಾಸ್ಟಿಕ್ಕಿನಲ್ಲಿ, ಪ್ಲಾಸ್ಟಿಕ್ಕು ಟವೆಲ್ಲಿನಲ್ಲಿ, ಟವೆಲ್ಲು ಸೂಟ್‌ಕೇಸಿನಲ್ಲಿ ಸುಖವಾಗಿ ನಿದ್ರಿಸುತ್ತ ದಕ್ಷಿಣಾಪಥವನ್ನು ದಾಟಿತು.

ಅರುಣೋದಯ! ಮೂರು ಸಮುದ್ರಗಳು ಕೂಡುವ ಆ ತುದಿಯಲ್ಲಿ, ದೇಶದ ನಾನಾ ಭಾಗಗಳಿಂದ ಬಂದ ಜನಸ್ತೋಮವು ಪೂರ್ವದ ಕಡೆ ಮುಖಮಾಡಿ ನಿಂತಿತ್ತು. ಮಹಾನಂದಾ ಮದುವೆಯಲ್ಲಿ ತವರಿನವರು ಕೊಟ್ಟಿದ್ದ ಇಳಕಲ್ ಸೀರೆ ಉಟ್ಟು, ತಲೆಗೆ ಹೂ ಮುಡಿದು, ಬಂಡೆಗೆ ಒರಗಿ, ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಳು. ನೀರಿನಂಚಿಗೆ ಕೆಂಪು ಹತ್ತತೊಡಗಿತು. ಚನ್ನವೀರಪ್ಪನು ಎದುರಿನ ಕಟ್ಟೆಯ ಮೇಲೆ ಪೀಠ ಸಿದ್ಧಪಡಿಸಿ, ಟವೆಲ್ಲು, ಪ್ಲಾಸ್ಟಿಕ್ಕು, ಚೀಲಗಳೆಂಬ ಮೂರು ಕೋಟೆಗಳನ್ನು ಭೇದಿಸಿ, ಪಾಟಲಾಂಗಿಯನ್ನು ಹೊರತೆಗೆದು, ಗುಂಡಿ ಒತ್ತಿದನು.

ಝುಂ... ಕಿರ್ರ್. ಕೊಳವೆ ಅರ್ಧ ಹೊರಬಂದು ನಿಂತಿತು. ಒಳಗೆ ಹೋಗಲು ನೋಡಿತು, ಆಗಲಿಲ್ಲ. ಮತ್ತೊಮ್ಮೆ ಕಿರ್ರ್. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮಸೂರದೋಷವೆಂಬ ಎರಡು ಪದಗಳು ಮೂಡಿ, ಆರಿಹೋದವು.

ಆಮೇಲೆ ನಡೆದ ಘೋರಸಂಗ್ರಾಮವನ್ನು ಹೇಗೆ ವರ್ಣಿಸಲಿ? ನಾಯಕನು ಬ್ಯಾಟರಿ ತೆಗೆದು ಹಾಕಿದನು. ಊದಿದನು. ತೊಡೆಗೆ ಕುಟ್ಟಿದನು. ಹೆಂಡತಿಯ ಹೇರ್‌ಪಿನ್ನು ಕಿತ್ತುಕೊಂಡು ಸಂದಿಯಲ್ಲಿ ಇರಿದನು. ಆಕೆಯ ಮುಡಿ ಬಿಚ್ಚಿತು, ಮಲ್ಲಿಗೆ ಹೆಗಲ ಮೇಲೆ ಜಾರಿತು, ಕ್ಯಾಮೆರಾದಿಂದ ಕೆಂಪು ಪುಡಿ ರಣರಕ್ತದಂತೆ ಅವನ ಬಿಳಿಯ ಅಂಗಿಯ ಮೇಲೆ ಉದುರಿತು. ಮಸೂರ ಮಾತ್ರ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಅಷ್ಟರಲ್ಲಿ ಕೊರಳಿಗೆ ಹಳೆಯ ಕ್ಯಾಮೆರಾ ತೂಗುಹಾಕಿಕೊಂಡ ದಂಡೆಯ ಫೋಟೋಗ್ರಾಫರನೊಬ್ಬ ಬಂದು, “ಸಾರ್, ಫೋಟೋ ಸಾರ್? ಸನ್‌ರೈಸ್, ಜೋಡಿ ಫೋಟೋ” ಎಂದ. ಮಹಾನಂದಾಳ ಮುಖ ಅರಳಿತು. ಚನ್ನವೀರಪ್ಪನು ತಲೆಯೆತ್ತಿ, ಆ ಬಡಪಾಯಿಯ ಯಂತ್ರವನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇದು ರೀಲಿಂದಲಾ? ಎಷ್ಟ್ ಮೆಗಾಪಿಕ್ಸೆಲ್ ಅಂತ ಕೇಳೂಹಂಗೂ ಇಲ್ಲ. ಬ್ಯಾಡ, ಬ್ಯಾಡ. ಈಗ ಸರಿ ಆಕ್ಕೈತಿ ಇದು, ತಡಿ” ಎಂದು ಅವನನ್ನು ಅಟ್ಟಿದನು. ಅವನು ಪಕ್ಕದ ಕುಟುಂಬದ ಕಡೆ ಹೋದ. ಪಕ್ಕದ ಕುಟುಂಬ ನಕ್ಕಿತು, ಫೋಟೋ ಆಯಿತು.

ಮಹಾನಂದಾ ಅತ್ತ ನೋಡಿದಳು, ಇತ್ತ ನೋಡಿದಳು. ಆಕೆಯ ಕಣ್ಣು ತುಂಬಿಬಂತು. ಇಲ್ಲಿ ಮಾತ್ರ ಕವಿಗೆ ಅಣಕಿಸಲು ಮನಸ್ಸಾಗುವುದಿಲ್ಲ.

“ಚಲೋದು ಬೇಕಂತ ನಾ ಯಾವಾಗ ಕೇಳಿದ್ನಿ?” ಎಂದಳು. “ಇಪ್ಪತ್ತೈದು ವರ್ಷ ಆತು. ಹೆಂಗರೆ ಇರ್ಲಿ, ನೀವಿದ್ದದ್ದು ಒಂದು ಬೇಕಂದ್ನಿ. ಒಂದs ಒಂದು. ನಿಮ್ಮ ನೆಳ್ಳಿನ ಕೂಡ ಎಷ್ಟಂತ ಸಂಸಾರ ಮಾಡ್ಲಿ?”

ಚನ್ನವೀರಪ್ಪನ ಕೈಯಲ್ಲಿ ಹೇರ್‌ಪಿನ್ನಿತ್ತು, ಅದನ್ನು ಮೆಲ್ಲಗೆ ಆಕೆಗೆ ಹಿಂತಿರುಗಿಸಿದನು. ಫೋಟೋಗ್ರಾಫರನನ್ನು ಕೂಗಲು ತಿರುಗಿದಾಗ ಅವನು ಜನರಲ್ಲಿ ಕಳೆದುಹೋಗಿದ್ದ. ಬೇರೆ ಮಾಡಲು ಏನೂ ತೋಚದೆ ನಾಯಕನು ಹೋಗಿ ಬಂಡೆಯ ಬಳಿ ಆಕೆ ಬಿಟ್ಟಿದ್ದ ಜಾಗದಲ್ಲಿ ಕುಳಿತನು. ಸೂರ್ಯ ಮೇಲೆದ್ದ. ಕಣ್ಣಿಗೆ ಕ್ಯಾಮೆರಾ ಅಡ್ಡ ಹಿಡಿಯದೆ ಚನ್ನವೀರಪ್ಪನು ಒಂದು ಊರನ್ನು ನೋಡಿದ್ದು ಅದೇ ಮೊದಲು. ಆಮೇಲೆ ಮೆಲ್ಲನೆ, “ಈ ಬೆಳಕಿಗೆ ಐಎಸ್ಓ ಇನ್ನೂರು ಇಟ್ಟಿದ್ರ ಸಾಕಾಗತಿತ್ತು” ಎಂದನು. ಮಹಾನಂದಾ ಜಾರಿದ್ದ ಮಲ್ಲಿಗೆಯನ್ನು ಆ ಹೇರ್‌ಪಿನ್ನಿನಿಂದ ಮತ್ತೆ ಮುಡಿಗೆ ಸಿಕ್ಕಿಸಿಕೊಂಡಳು, ಅವನ ಪಕ್ಕದಿಂದ ಮಾತ್ರ ಸರಿಯಲಿಲ್ಲ.

ಹುಬ್ಬಳ್ಳಿಗೆ ಮರಳಿದ ಮೇಲೆ ರಿಪೇರಿಯವನು ಕ್ಯಾಮೆರಾ ಬಿಚ್ಚಿ, ಚಿಮಟದಿಂದ ಒಂದು ಅಕ್ಕಿಕಾಳನ್ನು ಎತ್ತಿ ಬೆಳಕಿಗೆ ಹಿಡಿದ. ಕುಂಕುಮದಲ್ಲಿ ಮಿಂದು ಕೆಂಪಗಾಗಿದ್ದ ಆ ಅಕ್ಷತೆಯ ಕಾಳನ್ನು ಗಂಡ, ಹೆಂಡತಿ, ರಿಪೇರಿಯವ ಮೂವರೂ ಬಗ್ಗಿ ನೋಡಿದರು.

“ಇದಕ್ಕ ಅಕ್ಕಿ ಯಾಕ ಹಾಕೀರಿ ಸಾಹೇಬ್ರ?”

ಚನ್ನವೀರಪ್ಪನು ಕನ್ಯಾಕುಮಾರಿಯ ಹವೆಯ ಬಗ್ಗೆ ಏನೋ ಹೇಳಿದನು. ಮೋಟರು ಸುಟ್ಟಿದೆ, ಇನ್ನು ಇದು ಏಳುವುದಿಲ್ಲ ಎಂದ ರಿಪೇರಿಯವ, ಕಾರ್ಡನ್ನು ಕಿತ್ತು ಕೊಡುತ್ತ. ಅದನ್ನು ಕೈಗೆ ತೆಗೆದುಕೊಂಡದ್ದು ಮಹಾನಂದಾ.

“ಇದರಾಗ ಏನರೆ ಐತೇನ್ರಿ?”

ರಿಪೇರಿಯವ ಕಂಪ್ಯೂಟರಿಗೆ ಹಾಕಿ ನೋಡಿದ. “ಒಂದ ಐತ್ರೀ ಅಕ್ಕಾರ.”

ಸಭಾಸದರೇ, ಋತುಗಳ ಶೋಧ, ರವಿವಾರಗಳ ಯುದ್ಧ, ಮೂರು ಸಮುದ್ರಗಳ ಯಾತ್ರೆ, ಇಷ್ಟೆಲ್ಲದರ ಫಲವಾಗಿ ಆ ಮಹಾಯಂತ್ರವು ತನ್ನ ಆಯುಷ್ಯದಲ್ಲಿ ತೆಗೆದ ಏಕಮಾತ್ರ ಚಿತ್ರ ಪರದೆಯ ಮೇಲೆ ಬಂದು ನಿಂತಿತು. ಹಿಂದೆ ಸಾಗರದ ಬದಲು ಕುಕ್ಕರುಗಳ ಸಾಲು. ಮೇಲೆ ‘ದಸರಾ ಭಾರೀ ರಿಯಾಯಿತಿ’ ಎಂಬ ಬಟ್ಟೆ. ಎಡದಂಚಿನಲ್ಲಿ ಪಂಚಾಕ್ಷರಿಯ ಮೊಣಕೈ. ನಡುವೆ ತೋರುಬೆರಳೆತ್ತಿ, ಬಾಯಿ ತೆರೆದು, ಸೆನ್ಸರಿನ ಮಹತ್ವ ಹೇಳುತ್ತಿರುವ ಚನ್ನವೀರಪ್ಪ. ಅವನ ಪಕ್ಕದಲ್ಲೇ, ಸೆರಗು ಬಾಯಿಂದ ಜಾರಿ, ಅವನ ಮುಖವನ್ನೇ ನೋಡುತ್ತ ಹೊಟ್ಟೆತುಂಬ ನಗುತ್ತಿರುವ ಮಹಾನಂದಾ. ಮುಖ ಕಾಣುತ್ತಿತ್ತು. ಅವನದೂ, ಆಕೆಯದೂ.

“ಛೆ, ಅಳಿಸ್ರಿ ಅಂದಿದ್ನೆಲಾ ಅಕೀಗೆ,” ಎಂದು ನಾಯಕನು ಪರದೆಗೆ ಮೂಗು ತಾಗಿಸಿದನು. “ನೋಡು, ಫ್ರೇಮ್ ಸೊಟ್ಟ ಐತಿ. ಟ್ಯೂಬ್‌ಲೈಟ್ ನನ್ನ ಬೋಳ ತಲಿ ಮ್ಯಾಲ ಹೊಳ್ಯಾಕತ್ತೈತಿ. ಬಾಯಿ ನೋಡು ಹೆಂಗ ತಗದೀನಿ. ಸಮುದ್ರ ಅಂತೂ ಇಲ್ಲs ಇಲ್ಲ.”

“ಸಮುದ್ರ ಅಲ್ಲೇ ಐತಿ, ಎಲ್ಲಿ ಹೊಕ್ಕೈತಿ?” ಎಂದಳು ಮಹಾನಂದಾ, ಪರದೆಯಿಂದ ಕಣ್ಣು ತೆಗೆಯದೆ. “ನೀವು ಇದರಾಗ ಬಂದೀರಲಾ. ಅಣ್ಣಾರ, ಪ್ರಿಂಟ್ ಹಾಕ್ರಿ.”

ಎಷ್ಟು ದೊಡ್ಡದು ಎಂದು ಅವನು ಕೇಳಿದ. ಗೋಡೆ ತುಂಬುವಷ್ಟು ಹಿಗ್ಗಿಸಬಲ್ಲ ಹನ್ನೆರಡು ಮೆಗಾಪಿಕ್ಸೆಲ್ಲಿನ ಆ ಬಿಂಬವನ್ನು ಆಕೆ ಪೋಸ್ಟ್‌ಕಾರ್ಡಿನಷ್ಟು ಹಾಕಿಸಿಕೊಂಡಳು.

ಪಾಟಲಾಂಗಿ ಇಂದಿಗೂ ವರ್ಷಕ್ಕೊಮ್ಮೆ ಖಂಡೇಪೂಜೆಗೆ ಕೂರುತ್ತಾಳೆ. ಈಗ ಎಷ್ಟು ಕುಂಕುಮ ಹಚ್ಚಿದರೂ ಅವಳದೇನೂ ತಕರಾರಿಲ್ಲ. ಇನ್ನು ಆ ಫೋಟೋ: ಮನೆಗೆ ಬಂದ ಸಂಜೆಯೇ ನಾಯಕನು ಅದಕ್ಕೆ ತಕ್ಕ ಕಟ್ಟು ಯಾವುದೆಂದು ಚಿಂತೆಗೆ ಬಿದ್ದನು. ಸಾಗವಾನಿಯೋ, ಫೈಬರೋ, ಗಾಜು ಹೊಳೆಯುವುದೋ, ಹೊಳೆಯದ್ದೋ. “ಅವಸರ ಮಾಡೂದು ಬ್ಯಾಡ, ಎರಡ್ಮೂರು ಅಂಗಡಿ ನೋಡೂಣು” ಎಂದು ಅವನು ಕನ್ನಡಕ ಹುಡುಕುವಷ್ಟರಲ್ಲಿ, ಮಹಾನಂದಾ ಅದನ್ನು ಅಡುಗೆಮನೆಯ ಕನ್ನಡಿಯ ಅಂಚಿಗೆ ಸಿಕ್ಕಿಸಿ ಚಹಾಕ್ಕೆ ನೀರಿಟ್ಟಿದ್ದಳು.